ಮಾಡಿಸಿದವರು ಮತ್ತು ಮಾಡಿದವರು

ಮೋರಖಂಡಿಯ ನೆರೆಯ ಬಸವಕಲ್ಯಾಣದಲ್ಲಿ ಬಸವಣ್ಣನ ಪ್ರತಿಮೆ 108 ಅಡಿ. ಬೆಂಗಳೂರು ವಿಮಾನ ನಿಲ್ದಾಣದ ಕೆಂಪೇಗೌಡರದೂ 108 ಅಡಿ. ಎರಡನೆಯದಕ್ಕೆ 98 ಟನ್ ಕಂಚು, 120 ಟನ್ ಉಕ್ಕು ಎಂಬ ಲೆಕ್ಕವೂ ಜನಜನಿತ. ವಿನ್ಯಾಸಗೈದ ರಾಮ್ ಸುತಾರರ ಹೆಸರಾದರೂ ಉಳಿದೀತು. ಅಚ್ಚು ಕಟ್ಟಿ, ಎರಕ ಹೊಯ್ದು, ಬೆಸೆದವರ ಹೆಸರು ಯಾರ ನಾಲಗೆಯ ಮೇಲಿದೆ?

ಕಂಪನಿಯ ಕೆಲಸದಲ್ಲಿ ಇದು ಅನಿವಾರ್ಯವೆಂಬ ವಾದ ಟೊಳ್ಳು. ಬೇಲೂರಿನಲ್ಲಿಯೂ ದುಡಿದ ಕೈಗಳು ಹಲವು. ಆದರೂ ಬಳ್ಳಿಗಾವೆಯ ದಾಸೋಜನ ಹೆಸರು ಅವನ ಶಿಲ್ಪದಡಿಯಲ್ಲೇ ಇದೆ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಮಾಡಿಸಿದ ಚಾವುಂಡರಾಯನಿದ್ದಾನೆ, ಕಡೆದವನಿಲ್ಲ. ಆ ಲೋಪವನ್ನೇ (ಲೋಪವೆನ್ನಲು ಅಳುಕಬೇಕಿಲ್ಲ) ಪರಂಪರೆಯೆಂದು ಮುಂದುವರಿಸುವುದೇಕೆ? ಕಾಯಕವನ್ನು ಎತ್ತಿಹಿಡಿದವನ ಪ್ರತಿಮೆಗಾದರೂ ಕಾಯಕಗೈದವರ ಹೆಸರು ಬೇಡವೆ? ದುಡಿದವರೆಲ್ಲರ ಹೆಸರನ್ನು ಪೀಠದ ಮೇಲೆ ಕೊರೆಸುವುದು ಇನ್ನು ಮುಂದೆ ಟೆಂಡರಿನ ಷರತ್ತಾಗಲಿ.