ಹಾಯಿ ಕಲಿಯಲು ಸಂಘ ಬೇಕೇ?

2009ರ ಬೇಸಿಗೆ ರಜೆಯಲ್ಲಿ ತಮಿಳುನಾಡು ಸೇಲಿಂಗ್ ಅಸೋಸಿಯೇಷನ್ ಚೆನ್ನೈನಲ್ಲಿ ಮಕ್ಕಳಿಗೊಂದು ಶಿಬಿರ ನಡೆಸಿತು. ಟೆನಿಸ್, ಭರತನಾಟ್ಯ ಹೀಗೆ ಹಲವು ವಿದ್ಯೆಗಳ ರುಚಿ ನೋಡಿದ್ದ ಶಾಲಾ ಬಾಲಕಿ ನೇತ್ರಾ ಕುಮಾನನ್ ಆ ಶಿಬಿರಕ್ಕೂ ಹೋದರು. 2020ರ ಜನವರಿಯಲ್ಲಿ ಮಿಯಾಮಿಯ ವಿಶ್ವಕಪ್‌ನಲ್ಲಿ ಅವರಿಗೆ ಕಂಚು ಬಂತು. ಮರುವರ್ಷ ಒಮಾನ್‌ನ ಅರ್ಹತಾ ಸ್ಪರ್ಧೆ ದಾಟಿ, ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ಭಾರತದ ಮೊದಲ ಹಾಯಿಗಾರ್ತಿ ಎನಿಸಿಕೊಂಡರು.

ಈ ಕಥೆ ಹೇಳಿ ಸದಸ್ಯತ್ವ ಮಾರುವುದು ಸುಲಭ. ಆದರೆ ಒಲಿಂಪಿಕ್ಸ್ ಕನಸಿಲ್ಲದ, ಭಾನುವಾರ ಒಂದಿಷ್ಟು ಹೊತ್ತು ನೀರಿನ ಮೇಲಿದ್ದರೆ ಸಾಕು ಎನ್ನುವ ಮೂವತ್ತೈದರ ಬ್ಯಾಂಕ್ ಉದ್ಯೋಗಿಗೆ ಸಂಘದಿಂದ ಏನು ಸಿಗುತ್ತದೆ? ಕೊಟ್ಟ ಶುಲ್ಕ ದಕ್ಕುತ್ತದೆಯೇ?

ದಕ್ಕುತ್ತದೆ, ಆದರೆ ಎಲ್ಲ ಸಂಘಗಳಲ್ಲೂ ಅಲ್ಲ. ಹಾಯಿದೋಣಿಯ ತತ್ವ ತಿಳಿಯಲು ಹತ್ತು ನಿಮಿಷ ಸಾಕು. ಗಾಳಿ ಬೀಸಿ ಬರುವ ದಿಕ್ಕಿಗೆ ದೋಣಿ ನೇರವಾಗಿ ಸಾಗದು. ಆಚೆಗೊಂದು, ಈಚೆಗೊಂದು ಸುಮಾರು 45 ಡಿಗ್ರಿಯಷ್ಟು ಜಾಗ ಅದಕ್ಕೆ ನಿಷಿದ್ಧ. ಹಾಗಾಗಿ ಓರೆಯಾಗಿ ಹೋಗಿ, ತಿರುಗಿ, ಮತ್ತೆ ಓರೆಯಾಗಿ ಹೋಗಿ ಗುರಿ ಮುಟ್ಟಬೇಕು. ಇಷ್ಟನ್ನು ಯಾವ ಪುಸ್ತಕವಾದರೂ ಹೇಳುತ್ತದೆ. ಗಾಳಿ ಹಠಾತ್ತನೆ ಜೋರಾದಾಗ ಹಗ್ಗವನ್ನು ಎಷ್ಟು ಸಡಿಲಿಸಬೇಕು, ಮೈಯನ್ನು ಯಾವ ಬದಿಗೆ ವಾಲಿಸಬೇಕು ಎಂಬುದು ಮಾತ್ರ ಗಂಟೆಗಟ್ಟಲೆ ನೀರಿನಲ್ಲಿದ್ದವರಿಗಷ್ಟೇ ಬರುವ ವಿದ್ಯೆ.

ಅದು ಕೈಗೆ ಹತ್ತುವವರೆಗೆ ದೋಣಿ ಮಗುಚುತ್ತಲೇ ಇರುತ್ತದೆ. ಮಗುಚಿದ ಡಿಂಗಿಯ (ಪುಟ್ಟ ಹಾಯಿದೋಣಿಯ) ಅಡಿಹಲಗೆಯ ಮೇಲೆ ನಿಂತು, ಮೈಭಾರ ಹಾಕಿ ಅದನ್ನು ಎತ್ತಿ ನಿಲ್ಲಿಸುವುದು ಮೊದಲ ಪಾಠಗಳಲ್ಲೇ ಒಂದು. ದಣಿದವನಿಗೆ ಮೂರನೆಯ ಸಲ ಅದು ಆಗದೇ ಹೋಗಬಹುದು. ಆಗ ಬೇಕಾದದ್ದು ಮೋಟಾರು ಹಾಕಿದ ರಕ್ಷಣಾ ದೋಣಿ, ಅದನ್ನು ನಡೆಸಬಲ್ಲ ಮನುಷ್ಯ, ದಡದಿಂದ ಕಣ್ಣಿಟ್ಟಿರುವ ಇನ್ನೊಬ್ಬ. ಹಣವಿದ್ದವರು ದೋಣಿ ಕೊಂಡುಕೊಳ್ಳಬಹುದು. ಈ ಏರ್ಪಾಟನ್ನು ಪ್ರತಿ ಭಾನುವಾರ ಒಬ್ಬರೇ ಹೊಂದಿಸಲಾರರು. ಸಂಘದ ನಿಜವಾದ ಬೆಲೆ ಇರುವುದು ಇಲ್ಲಿ.

ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡಿಗರಿಗೆ ಹತ್ತಿರದಲ್ಲೇ ಒಂದು ಒಳ್ಳೆಯ ಮಾದರಿ ಇದೆ. ಬರ್ಕ್ಲಿಯ ಕ್ಯಾಲ್ ಸೇಲಿಂಗ್ ಕ್ಲಬ್ ಸ್ವಯಂಸೇವಕರೇ ನಡೆಸುವ ಸಹಕಾರಿ ಸಂಘ. ಶುಲ್ಕದ ಜೊತೆಗೆ ಕೆಲವು ಗಂಟೆಗಳ ದುಡಿಮೆಯನ್ನೂ ಸದಸ್ಯರು ಕೊಡಬೇಕು. ದೋಣಿಗಳು ಸಂಘದವು, ಪಾಠ ಹೇಳುವವರು ಹಳೆಯ ಸದಸ್ಯರು. ಬಾಸ್ಟನ್‌ನ ಚಾರ್ಲ್ಸ್ ನದಿಯಲ್ಲಿ 1946ರಿಂದ ಇರುವ ಕಮ್ಯುನಿಟಿ ಬೋಟಿಂಗ್ ಸಂಸ್ಥೆಯ ಹಾಯಿದೋಣಿಗಳು ಊರಿನ ಸಾಮಾನ್ಯ ಮಕ್ಕಳಿಗೂ ಸಿಗುತ್ತವೆ. ಇಂಥ ಕಡೆ ಹೊಸಬರು ಹಿಂದೆಮುಂದೆ ನೋಡದೆ ಸೇರಬಹುದು.

ಇನ್ನೊಂದು ಬಗೆಯ ಸಂಘವೂ ಉಂಟು. ಮುಂಬೈಯ ರಾಯಲ್ ಬಾಂಬೆ ಯಾಟ್ ಕ್ಲಬ್ 1846ರಷ್ಟು ಹಳೆಯದು. ಬ್ರಿಟಿಷರ ಕಾಲದಲ್ಲಿ ಹುಟ್ಟಿದ ಇಂಥ ಕ್ಲಬ್‌ಗಳಿಗೆ ದೊಡ್ಡ ಇತಿಹಾಸವಿದೆ, ಊಟದ ಹಜಾರವಿದೆ, ಹಾಲಿ ಸದಸ್ಯರ ಶಿಫಾರಸು ಕೇಳುವ ಪದ್ಧತಿಯಿದೆ. ಬೆಂಗಳೂರಿನ ಕ್ಲಬ್‌ಗಳ ಕಾಯುವ ಪಟ್ಟಿ ಕಂಡವರಿಗೆ ಇದು ಹೊಸತಲ್ಲ. ಪ್ರತಿಷ್ಠೆ ಬೇಕಾದವರು ಸೇರಲಿ. ಹಾಯಿ ಕಲಿಯಬೇಕೆಂದು ಮಾತ್ರ ಬಂದವರು ಅಲ್ಲಿ ತಮಗೆ ಬೇಡದ ಎಷ್ಟೋ ಸೌಕರ್ಯಗಳಿಗೆ ದುಡ್ಡು ತೆರುತ್ತಾರೆ.

ಪ್ರಮಾಣಪತ್ರದ ಆಸೆಗೆ ಸದಸ್ಯರಾಗುವವರಿಗೂ ಇದೇ ಮಾತು. ಬ್ರಿಟನ್ನಿನ ರಾಯಲ್ ಯಾಟಿಂಗ್ ಅಸೋಸಿಯೇಷನ್ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಸದಸ್ಯತ್ವವಿಲ್ಲದೆಯೇ ಕೋರ್ಸ್ ಮಾಡಬಹುದು. ಆರಂಭದ ಹಂತಕ್ಕೆ ಎರಡು ದಿನ ಸಾಕು. ಗ್ರೀಸ್‌ನಂಥ ಕಡೆ ನಾವಿಕನಿಲ್ಲದ ಹಾಯಿನೌಕೆಯನ್ನು ಬಾಡಿಗೆಗೆ ಪಡೆಯುವಾಗ ಪ್ರಮಾಣಪತ್ರ ಕೇಳುತ್ತಾರೆ, ನಿಜ. ಕೆಆರ್‌ಎಸ್ ಹಿನ್ನೀರಿನಲ್ಲಿ ಪುಟ್ಟ ಡಿಂಗಿ ಓಡಿಸಬೇಕೆನ್ನುವವರಿಗೆ ಅದರ ತುರ್ತೇನಿಲ್ಲ.

ಕೆಆರ್‌ಎಸ್ ಹೆಸರು ಸುಮ್ಮನೆ ಬಂದದ್ದಲ್ಲ. 1985ರಿಂದ 87ರವರೆಗೆ ಭೂಸೇನೆಯ ಎಂಜಿನಿಯರುಗಳು 'ತೃಷ್ಣಾ' ಎಂಬ ಹಾಯಿನೌಕೆಯಲ್ಲಿ ಭೂಪ್ರದಕ್ಷಿಣೆ ಮುಗಿಸಿದರು. ಭಾರತೀಯರು ಹಾಗೆ ಮಾಡಿದ್ದು ಅದೇ ಮೊದಲು. ಅದೇ ಹೆಸರು ಹೊತ್ತ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ (ಎಂಇಜಿ) ಸೇಲಿಂಗ್ ಕ್ಲಬ್ ಕೆಆರ್‌ಎಸ್ ಹಿನ್ನೀರಿನಲ್ಲಿ ಸ್ಪರ್ಧೆಗಳನ್ನು ನಡೆಸಿದೆ. ಕೊಡಗು ಮೂಲದ ಕೆ.ಸಿ. ಗಣಪತಿ, ವರುಣ್ ಠಕ್ಕರ್ ಜೊತೆ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದು ಟೋಕಿಯೊ ಒಲಿಂಪಿಕ್ಸ್‌ಗೂ ಹೋದರು. ಆದರೆ ಅವರು ಪಳಗಿದ್ದು ಚೆನ್ನೈನ ನೀರಿನಲ್ಲಿ. ಸುಮಾರು 320 ಕಿಲೋಮೀಟರ್ ಕರಾವಳಿ, ಅದರ ಮೇಲೆ ಇಷ್ಟೊಂದು ಜಲಾಶಯಗಳಿರುವ ಕರ್ನಾಟಕಕ್ಕೆ ಇದು ಹೆಮ್ಮೆಯೂ ಹೌದು, ಮುಜುಗರವೂ ಹೌದು.

ಸಮುದ್ರವೇ ಇಲ್ಲದ ಮಧ್ಯಪ್ರದೇಶವನ್ನು ನೋಡಿ. ದೇವಾಸ್ ಜಿಲ್ಲೆಯ ರೈತನ ಮಗಳು ನೇಹಾ ಠಾಕೂರ್ ಭೋಪಾಲದ ನ್ಯಾಷನಲ್ ಸೇಲಿಂಗ್ ಸ್ಕೂಲ್‌ನಲ್ಲಿ ಕಲಿತು, 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದರು.  ಹೈದರಾಬಾದಿನ ಹುಸೇನ್ ಸಾಗರದಲ್ಲಿ 2009ರಲ್ಲಿ ಶುರುವಾದ ಯಾಟ್ ಕ್ಲಬ್ ಬಡ ಕುಟುಂಬಗಳ ಮಕ್ಕಳನ್ನು ಕರೆತಂದು ತರಬೇತಿ ಕೊಡುತ್ತಿದೆ. ಎರಡೂ ಕಡೆ ಮಕ್ಕಳ ಅಪ್ಪ ಅಮ್ಮಂದಿರ ಜೇಬು ನೋಡಿ ಬಾಗಿಲು ತೆಗೆದಿಲ್ಲ.

ಮತ್ತೆ ನಮ್ಮ ಬ್ಯಾಂಕ್ ಉದ್ಯೋಗಿಯ ಮಾತಿಗೆ ಬರೋಣ. ಸೇರುವ ಮುನ್ನ ಅಂಥ ಹೊಸಬರು ಮಾಡಬೇಕಾದದ್ದು ಒಂದು ಚಿಕ್ಕ ಕೋರ್ಸ್ ಮಾತ್ರ. ನೀರು, ಬಿಸಿಲು, ಮಗುಚುವಿಕೆ ಮೈಗೆ ಒಗ್ಗುತ್ತದೋ ಇಲ್ಲವೋ ಅದರಲ್ಲೇ ಗೊತ್ತಾಗುತ್ತದೆ. ಆಮೇಲೆ ಸದಸ್ಯತ್ವದ ಅರ್ಜಿ ಹಿಡಿದಾಗ ಕೆಲವು ಪ್ರಶ್ನೆ ಹಾಕಲಿ: ಸ್ವಂತ ದೋಣಿ ಇಲ್ಲದವರಿಗೆ ವಾರಕ್ಕೆ ಎಷ್ಟು ಗಂಟೆ ದೋಣಿ ಸಿಗುತ್ತದೆ? ಡಿಂಗಿಗಳು ನೀರಿಗಿಳಿದಾಗಲೆಲ್ಲ ರಕ್ಷಣಾ ದೋಣಿ ಹೊರಡುತ್ತದೆಯೇ? ವರ್ಷದಲ್ಲಿ ಎಷ್ಟು ತಿಂಗಳು ನೀರಿರುತ್ತದೆ? ಕೊನೆಯದು ನಮ್ಮ ಜಲಾಶಯಗಳಿಗೆ ತಕ್ಕ ಪ್ರಶ್ನೆ. ಶಾಲೆಗೆ ರಜೆ ಇರುವ ಏಪ್ರಿಲ್-ಮೇ ತಿಂಗಳಲ್ಲೇ ಕಾವೇರಿ ಹಿನ್ನೀರು ದಡ ಬಿಟ್ಟು ಹಿಂದೆ ಸರಿದಿರುತ್ತದೆ.

ಈ ಪ್ರಶ್ನೆಗಳಿಗೆ ನೇರ ಉತ್ತರ ಕೊಡುವ ಸಂಘಕ್ಕೆ ವಾರ್ಷಿಕ ಶುಲ್ಕ ಕಟ್ಟುವುದು ಸಾರ್ಥಕ. ತಿಂಗಳಿಗೆ ಎರಡು ಸಲವಾದರೂ ಹೋಗಲಾಗದವರು ದಿನದ ಲೆಕ್ಕದಲ್ಲಿ ಹಣ ಕೊಟ್ಟು ಕಲಿಯುವುದೇ ಮೇಲು. ಇನ್ನು ಶುಲ್ಕವೇ ಭಾರವಾದವರ ಮಾತು. ರಾಜ್ಯದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಕಯಾಕಿಂಗ್, ರಾಫ್ಟಿಂಗ್, ಶಿಲಾರೋಹಣ ಕಲಿಸುತ್ತಿದೆ. ಮಂಡ್ಯ, ಮೈಸೂರು ಜಿಲ್ಲೆಗಳ ಸರ್ಕಾರಿ ಶಾಲೆಗಳಿಂದ ಈಜು ಬಲ್ಲ ಮಕ್ಕಳನ್ನು ಆರಿಸಿ, ಜಲಾಶಯ ತುಂಬಿರುವ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಪ್ರತಿ ಶನಿವಾರ ಹಾಯಿದೋಣಿ ಕಲಿಸುವ ಹೊಣೆಯನ್ನೂ ಸರ್ಕಾರ ಅದಕ್ಕೆ ವಹಿಸಲಿ, ಆ ಮಕ್ಕಳ ಶುಲ್ಕವನ್ನು ಕ್ರೀಡಾ ಇಲಾಖೆಯೇ ಭರಿಸಲಿ.