ಬಾಗಿಲ ಮೇಲಿನ ಸಿಂಹಮುಖ

ಶಿವಾಲಯಗಳಿಗೆ ಹೋಗುವ ಭಕ್ತರು ದ್ವಾರದ ತೋರಣದಲ್ಲಿಯೂ ಮೂರ್ತಿಯ ಹಿಂದಿನ ಪ್ರಭಾವಳಿಯ ನೆತ್ತಿಯಲ್ಲಿಯೂ ಗುಡ್ಡೆಗಣ್ಣು, ಕೋರೆದಾಡೆಗಳ ಒಂದು ಮುಖವನ್ನು ಕಂಡಿರುತ್ತಾರೆ. ಬಹುಮಂದಿ ಅದನ್ನು ರಾಕ್ಷಸನೆಂದೇ ಎಣಿಸುತ್ತಾರೆ. ಮಕ್ಕಳಿಗೂ ಹಾಗೆಯೇ ಹೇಳುತ್ತಾರೆ. ಅದು ರಾಕ್ಷಸನಲ್ಲ, ಸಿಂಹ. ಶಿಲ್ಪಿಗಳು ಅದನ್ನು ಸಿಂಹಲಲಾಟವೆನ್ನುತ್ತಾರೆ, ಪುರಾಣಗಳು ಕೀರ್ತಿಮುಖವೆನ್ನುತ್ತವೆ.

ಸ್ಕಂದಪುರಾಣದ ಕಥೆ ಹೀಗಿದೆ. ಪಾರ್ವತಿಯನ್ನು ತನಗೊಪ್ಪಿಸಬೇಕೆಂದು ಜಲಂಧರಾಸುರನು ರಾಹುವನ್ನು ಶಿವನಲ್ಲಿಗೆ ದೂತನಾಗಿ ಕಳುಹಿಸಿದನು. ಆಗ ಶಿವನ ಹುಬ್ಬುಗಳ ನಡುವಿನಿಂದ ಸಿಂಹಮುಖದ ಉಗ್ರಪುರುಷನೊಬ್ಬನು ಹೊಮ್ಮಿ ರಾಹುವನ್ನು ನುಂಗಲು ಧಾವಿಸಿದನು. ದೂತನು ಕೊಲ್ಲತಕ್ಕವನಲ್ಲವೆಂದು ಶಿವನು ತಡೆದನು. ಹಸಿವಿಗೆ ಗತಿಯೇನೆಂದು ಆ ಪುರುಷನು ಬೇಡಿದಾಗ, ತನ್ನ ಮೈಯನ್ನೇ ತಿನ್ನೆಂದು ಅಪ್ಪಣೆಯಾಯಿತು. ಅವನು ಕೈಕಾಲು, ಒಡಲುಗಳನ್ನು ತಿಂದು ಮುಖವೊಂದನ್ನೇ ಉಳಿಸಿದನು. ಶಿವನು ಮೆಚ್ಚಿ, ಕೀರ್ತಿಮುಖನೆಂದು ಹೆಸರಿಟ್ಟು, ತನ್ನ ಬಾಗಿಲಲ್ಲಿಯೇ ನೆಲೆಗೊಳಿಸಿದನು. ಅವನನ್ನು ಗೌರವಿಸದೆ ಒಳಹೊಕ್ಕವನ ಪೂಜೆ ನಿಷ್ಫಲವೆಂದೂ ನುಡಿದನು.

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ 9ನೆಯ ಶತಮಾನದ ಕಲ್ಲೇಶ್ವರಾಲಯವೂ 13ನೆಯ ಶತಮಾನದ ಹೊಯ್ಸಳ ಚೆನ್ನಕೇಶವಾಲಯವೂ ಇವೆ. ಹೊಯ್ಸಳರ ಗುಡಿಗಳ ಶಿಖರದಲ್ಲಿ ಈ ಮುಖ ಮತ್ತೆ ಮತ್ತೆ ಕಾಣುತ್ತದೆ. ಹಳೇಬೀಡಿನ ಹೊಯ್ಸಳೇಶ್ವರಾಲಯದ ತಳಭಾಗದಲ್ಲಂತೂ ಆನೆಗಳ ಸಾಲಿನ ಮೇಲೆ ಸಿಂಹಗಳ ಸಾಲೇ ಇದೆ.

ಸಿಂಹವನ್ನು ಕಾವಲಿಗೆ ನಿಲ್ಲಿಸುವ ರೂಢಿ ಏಷ್ಯಾದ ಉದ್ದಗಲಕ್ಕೂ ಹಬ್ಬಿತು. ಜಾವಾದ್ವೀಪದ ಬೋರೋಬುದೂರಿನಲ್ಲಿ ಕೀರ್ತಿಮುಖವು ಕಾಲನೆಂಬ ಹೆಸರಿನಿಂದ ದ್ವಾರಗಳ ಮೇಲೆ ಕುಳಿತಿದೆ. ಸಿಂಹವೇ ಹುಟ್ಟದ ಚೀನಾದಲ್ಲಿ ಬೌದ್ಧಧರ್ಮದ ಪ್ರಭಾವದಿಂದ ಬಾಗಿಲ ಇಕ್ಕೆಲಗಳಲ್ಲಿ ಕಲ್ಲಿನ ಸಿಂಹಗಳು ನಿಂತವು. ಜಪಾನಿನ ದೇಗುಲಗಳ ಜೋಡಿಯಲ್ಲಿ ಒಂದರ ಬಾಯಿ ತೆರೆದಿದ್ದರೆ ಇನ್ನೊಂದರದು ಮುಚ್ಚಿರುತ್ತದೆ. ಅವು ಸಂಸ್ಕೃತ ವರ್ಣಮಾಲೆಯ ಆದ್ಯಂತ ಧ್ವನಿಗಳ ಸಂಕೇತವೆನ್ನುತ್ತಾರೆ.

ಈ ಕಾವಲು ಯಾರ ವಿರುದ್ಧ? ಹೊರಗಿನ ಕಳ್ಳನಿಗೆ ಅಗುಳಿಯೇ ಸಾಕು. ಕೀರ್ತಿಮುಖನಾದರೋ ಪರರನ್ನು ನುಂಗಹೊರಟ ಹಸಿವನ್ನು ತನ್ನೆಡೆಗೇ ತಿರುಗಿಸಿಕೊಂಡವನು. ಒಳಬರುವವನು ತನ್ನ ಕೋಪವನ್ನೂ ಆಸೆಯನ್ನೂ ಹೊಸ್ತಿಲಾಚೆಯೇ ಬಿಟ್ಟುಬರಲೆಂಬುದು ಅವನ ಅಪ್ಪಣೆಯೆಂದು ನಾವು ಭಾವಿಸುತ್ತೇವೆ.

ಹೊಸಮನೆ ಕಟ್ಟಿದವರು ದೃಷ್ಟಿ ತಾಗದಿರಲೆಂದು ಘೋರಮುಖವೊಂದನ್ನು ತೂಗುಹಾಕುವುದುಂಟು. ನೆರೆಯವರ ಕಣ್ಣಿಗೆ ಅಂಜಿ ಹಾಕಿದ ಮುಖಕ್ಕೆ ಅಣ್ಣತಮ್ಮಂದಿರು ತೆಂಗಿನ ತೋಟದ ಪಾಲಿಗಾಗಿ ಒಳಗೇ ಕಾದಾಡುವುದು ಕಾಣದೆ? ಗೃಹಸ್ಥರು ಮಕ್ಕಳಿಗೆ ಈ ಕಥೆಯನ್ನೊಮ್ಮೆ ಹೇಳಲಿ. ಬಾಗಿಲ ಮುಖವು ಬೀದಿಯನ್ನಷ್ಟೇ ಅಲ್ಲ, ಮನೆಯವರನ್ನೂ ನೋಡುತ್ತಿದೆಯೆಂಬುದನ್ನು ತಾವೂ ನೆನೆಯಲಿ.