ನೋಡತಕ್ಕ ಸ್ಥಳಗಳು: ಹಲಸಿ

ಬೆಳಗಾವಿಗೆ ಬಂದವರು ಕೋಟೆಯೊಳಗಿನ ಕಮಲಬಸದಿಯನ್ನು ನೋಡಿ ಹಿಂದಿರುಗುವುದು ವಾಡಿಕೆ. ರಟ್ಟರ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಆ ಬಸದಿಯಲ್ಲಿ ತಲೆಯೆತ್ತಿದರೆ ಕಲ್ಲಿನ ಕಮಲವು ತೂಗುತ್ತಿರುವುದು. ಅಷ್ಟಕ್ಕೇ ತೃಪ್ತರಾಗದೆ ವಾಚಕರು ಖಾನಾಪುರ ತಾಲೂಕಿನ ಹಲಸಿಗೂ ಹೋಗತಕ್ಕದ್ದು. ಈಗ ಹಳ್ಳಿಯಾಗಿರುವ ಇದು ಪೂರ್ವದಲ್ಲಿ ಕದಂಬರ ಪಲಾಶಿಕಾ ಎಂಬ ರಾಜಧಾನಿ. ಕಾಕುಸ್ಥವರ್ಮನೇ ಮೊದಲಾದವರು ಜೈನರಿಗಿತ್ತ ದಾನಗಳ ತಾಮ್ರಶಾಸನಗಳು ಇಲ್ಲಿ ದೊರೆತಿವೆ. ಮುಂದೆ ಗೋವೆಯ ಕದಂಬರ ಕಾಲದಲ್ಲಿ, 12ನೆಯ ಶತಮಾನದಲ್ಲಿ, ಮೆರೆದ ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗುಡಿಗಳು ಇದಿರುಬದಿರಾಗಿವೆ. ನಡುವೆ ನಿಂತು ಒಂದಕ್ಕೆ ಕೈಮುಗಿದರೆ ಇನ್ನೊಂದಕ್ಕೆ ಬೆನ್ನಾಗುವುದು! ಮಕ್ಕಳನ್ನೂ ಕರೆದೊಯ್ಯಿರಿ. ಶಾಸನದ ಕಲ್ಲನ್ನು ತೋರಿಸಿ, ಅದರ ಮೇಲೆ ತಮ್ಮ ಹೆಸರು ಗೀಚಬಾರದೆಂದೂ ತಿಳಿಸಿರಿ. ಒಮ್ಮೆ ಅಳಿದ ಅಕ್ಷರವನ್ನು ಮತ್ತೆ ಬರೆಯಲು ಯಾವ ಅರಸನೂ ಬರಲಾರನು.